ಮೂರು ಮೀಟರಿನ ಪ್ರಮಾಣಪತ್ರ

ಫೆಬ್ರವರಿ 27, ಅಮಾವಾಸ್ಯೆ, ಸಂಜೆ

ಇಂದೂ ಅಳತೆಯ ಮಹಾಕಾರ್ಯ ನೆರವೇರಿತು. ಮಧ್ಯಾಹ್ನ ಉಬ್ಬರದ ನೀರು ಬಂದು ನಿಂತ ಗೆರೆಯಲ್ಲಿ ತಿಮ್ಮಿ ಅಜ್ಜಿ ಬಿದಿರುಕೋಲು ನೆಡುತ್ತಾಳೆ. ಸಂಜೆ ರವೀಂದ್ರ ಮಾವ ಅವಳ ಬಾವಿಯಿಂದ ಕೋಲಿನವರೆಗೆ ಟೇಪ್ ಹಿಡಿಯುತ್ತಾನೆ. ಸರಕಾರದ ಮೇಲೆ ನಾವು ಹೈಕೋರ್ಟಿನಲ್ಲಿ ಹಾಕಲಿರುವ ಕೇಸಿಗೆ. ಭೂಮಿ ಬಿಸಿಯಾಗಿ ಕಡಲು ಏರುತ್ತಿದೆ; ಕಡಲು, ದಂಡೆ, ನದಿ ಜನರದ್ದು; ಸರಕಾರ ಬರೀ ಟ್ರಸ್ಟಿ, ಕಾಯಲೇಬೇಕು — ಇದು ವಕೀಲೆ ಉಮಾ ಮೇಡಂ ವಾದ. ದೇವಸ್ಥಾನದ ಮೊಕ್ತೇಸರ ಇದ್ದಹಾಗೆ ಅಂದಿದ್ದಳು ಅಜ್ಜಿ, ಮೇಡಂ ಊರಿಗೆ ಬಂದಾಗ. ಮೇಡಂ ಬರೆದುಕೊಂಡಿದ್ದರು.

ಉಪ್ಪುನೀರು ಬಾವಿಗೆ ಇಳಿದರೆ ಅಜ್ಜಿಯ ಹರಿವೆ, ಬಸಳೆ, ಕುಡಿಯುವ ನೀರು — ಎಲ್ಲ ಮುಗಿಯಿತು.

ಇಷ್ಟು ಘನಕಾರ್ಯದ ನಡುವೆ ನಾನು ಕೋಲು ಕಿತ್ತು ಬಾವಿಯ ಕಡೆ ಮೂರು ಮೀಟರ್ ಈಚೆ ನೆಟ್ಟೆ. ಮಾವ ಹೌಹಾರಲಿ ಎಂದು.

ಹೌಹಾರಲಿಲ್ಲ. ಖುಷಿಪಟ್ಟ. ಹೋದ ವರ್ಷ ನಲವತ್ತೇಳು ಮೀಟರ್, ಈಗ ಮೂವತ್ತೆಂಟು, ಒಳ್ಳೇ ಸಾಕ್ಷಿ ಎಂದು ಫೋಟೊ ಸಮೇತ ಮೇಡಂಗೆ ವಾಟ್ಸಾಪ್ ಮಾಡಿಬಿಟ್ಟ. ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಚಹಾ ಬಂತು.

ಮಾರ್ಚ್ 8

ಅರ್ಜಿಯ ಮೊದಲ ಪುಟದಲ್ಲೇ ಇದೆಯಂತೆ — ವರ್ಷದಲ್ಲಿ ಕಡಲು ಒಳಬಂದದ್ದು ಒಂಬತ್ತು ಮೀಟರ್. ಮುಂದಿನ ವಾರ ಧಾರವಾಡದಲ್ಲಿ ಸಲ್ಲಿಕೆ. ಸರಕಾರಿ ವಕೀಲರು ಒಂದು ಸುಳ್ಳು ಹಿಡಿದರೆ ಸಾಕು, ಇಡೀ ಕೇಸು ಬಿತ್ತು.

ಊಟ ಸೇರಲಿಲ್ಲ. ನನಗೆ! ದಾಖಲಾರ್ಹ ಘಟನೆ.

ಮಾರ್ಚ್ 9

ಹೇಳಿದೆ. ಮಾವ ಟೇಪನ್ನು ಎಳೆಯುವುದು, ಬಿಡುವುದು, ಎಳೆಯುವುದು, ಬಿಡುವುದು. ಅಜ್ಜಿ ಬಸಳೆ ಸೋಸುತ್ತಿದ್ದವಳು ತಲೆ ಎತ್ತಿದಳು.

"ಖರೇ ಹೋದದ್ದು ಆರು ಮೀಟರ್. ಅದು ಸಾಲ್ಲಿಲ್ವನೇ ಕೂಸೆ ನಿಂಗೆ?"

ರಾತ್ರಿಯೇ ಮೇಡಂಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ.

ಮಾರ್ಚ್ 10

ಮೇಡಂ ಆಜ್ಞೆ: ಕೋಲು ಕಿತ್ತವಳೇ ಪ್ರಮಾಣ ಮಾಡಿ ಬರೆದುಕೊಡಬೇಕು. ಹೊನ್ನಾವರಕ್ಕೆ ಹೋದೆ. ನೋಟರಿ ರಾಜೀವ ಸರ್ ಇಡೀ ಅಂಗಡಿಗೆ ಕೇಳುವಂತೆ ಓದಿದರು — 'ಶ್ರೀಗೌರಿ, ವಯಸ್ಸು ಇಪ್ಪತ್ತು, ಸದರಿ ಕೋಲನ್ನು ತಮಾಷೆಗಾಗಿ ಕಿತ್ತು...' ಝೆರಾಕ್ಸ್ ಮಾಡುವವನು ಮಷಿನ್ ನಿಲ್ಲಿಸಿ ನಕ್ಕ. 'ಹಾಸ್ಯಪ್ರಜ್ಞೆಯಿಂದ ಪ್ರೇರಿತಳಾಗಿ' ಎಂದು ತಿದ್ದಬಹುದೇ ಎಂದು ವಿನಯದಿಂದ ಕೇಳಿದೆ. ಕನ್ನಡಕದ ಮೇಲಿಂದ ನೋಡಿದರು.

"ಅದೆಲ್ಲ ಬೇಡ. ಮೂರೇ ಮೀಟರ್ ಹೌದಾ?"

"ಹೌದು ಸರ್. ಮೂರೇ."

ನಗದೆ ಹೇಳಿದೆ. ಸಹಿ ಹಾಕಿದೆ.

ಮಾರ್ಚ್ 19

ಮೇಡಂ ಫೋನು! ಇಂಥವರ ಅಳತೆ ನಂಬುವುದು ಹೇಗೆ ಎಂದರಂತೆ ಸರಕಾರಿ ವಕೀಲರು. ತಪ್ಪನ್ನು ಅವರೇ ತೋರಿಸಿದ್ದಾರಲ್ಲ, ಉಳಿದ ಆರು ಮೀಟರಿಗೆ ನೀವು ಉತ್ತರ ಕೊಡಿ ಎಂದರಂತೆ ನ್ಯಾಯಮೂರ್ತಿಗಳು. ಸರಕಾರಕ್ಕೆ ನೋಟಿಸ್! ಮಾವ ಟೇಪನ್ನು ನನ್ನ ಕೈಗೇ ಕೊಟ್ಟ. ಒಮ್ಮೆ ಪ್ರಮಾಣ ಮಾಡಿದವಳಿಗೆ ತಪ್ಪು ಅಳೆಯಲು ಹೆದರಿಕೆ ಇರುತ್ತದಂತೆ. ಬಡ್ತಿಯೋ, ಶಿಕ್ಷೆಯೋ.

ಮಾರ್ಚ್ 29, ಅಮಾವಾಸ್ಯೆ, ಮಧ್ಯಾಹ್ನ

ದಂಡೆಯಲ್ಲೇ ಕೂತು ಬರೆಯುತ್ತಿದ್ದೇನೆ. ಅಜ್ಜಿ ಬಾವಿಕಟ್ಟೆಗೆ ಟೇಪಿನ ತುದಿ ಒತ್ತಿ ಹಿಡಿದಿದ್ದಾಳೆ. ಎರಡು ಸಲ ಅಳೆದೆ. ಎರಡೂ ಸಲ ನಲವತ್ತು. ಹೋದ ತಿಂಗಳ ನಿಜವಾದ ನಲವತ್ತೊಂದಕ್ಕಿಂತ ಒಂದು ಮೀಟರ್ ಕಡಿಮೆ. ಕೋಲು ಅಜ್ಜಿಯೇ ನೆಟ್ಟದ್ದು, ನಾನು ಮುಟ್ಟಿಲ್ಲ.

"ಎಂತ ಬಂತೇ?" ಕೂಗುತ್ತಿದ್ದಾಳೆ.

ಮೂರನೆಯ ಸಲ ಅಳೆದೇ ಹೇಳುತ್ತೇನೆ. ಒಂದು ವೇಳೆ ನನ್ನ ಅಳತೆಯೇ ತಪ್ಪಿದ್ದರೆ...