ತೂಕದ ದಿನ

ಜನವರಿ ೨೧, ಬುಧವಾರ. ದೇವಾಪುರ.

ಮಲಕಮ್ಮನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಬೆಳಿಗ್ಗೆ ಅಂಗನವಾಡಿಯಲ್ಲಿ ಮಕ್ಕಳ ತೂಕ ನೋಡಿದೆ. ಅವಳ ಮಗಳು ಮೌನೇಶ್ವರಿ ಕೊನೆಗೂ ತೀವ್ರ ಅಪೌಷ್ಟಿಕತೆಯಿಂದ ಪಾರಾಗಿದ್ದಳು. ಖುಷಿಯಿಂದ ಹೇಳಿದರೆ ತಾಯಿ ಬೆಚ್ಚಿಬಿದ್ದಳು.

"ಅಂದ್ರ ನಾಳಿಂದ ದಿನಾ ಕೊಡೋ ತತ್ತಿ ಬಂದ್ ಏನ್ರಿ, ಟೀಚರ್?"

ಬಂದ್. ದಿನಾ ತತ್ತಿ ಸೊರಗಿದ ಮಕ್ಕಳಿಗೆ ಮಾತ್ರ. ತಿಂದು ಸ್ವಲ್ಪ ಮೈ ತುಂಬಿದರೆ ಸಾಕು, ನಿಂತುಹೋಗುತ್ತದೆ. ಈ ನ್ಯಾಯ ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ, ಅವನ ಕೂಸನ್ನು ಒಮ್ಮೆ ನನ್ನ ತಕ್ಕಡಿಯಲ್ಲಿ ಕೂರಿಸಬೇಕು.

ಮಲಕಮ್ಮ ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿದಳು. "ಪ್ರತಿ ಸಲ ತೂಕದ ಹಿಂದಿನ ದಿನ ಕೂಸಿನ್ನ ಉಪಾಸ ಕೆಡವತಿದ್ದೆರಿ. ಈ ಸಲ ನಾ ಕೂಲಿಗೆ ಹೋದಾಗ ನಮ್ಮತ್ತಿ ರೊಟ್ಟಿ ತಿನಿಸ್ಯಾಳ."

ಬಾಯಿಗೆ ಬಂದಂತೆ ಬೈದೆ. ಕೂಸು ಸತ್ತರೆ ಏನು ಮಾಡುತ್ತೀ ಎಂದೆ. ಅವಳು ಎಲ್ಲ ಕೇಳಿಸಿಕೊಂಡಳು.

"ಮುಂದಿನ ತೂಕ ಯಾವತ್ತರಿ?"

ಹೇಳಿಬಿಟ್ಟೆ. ಯಾಕೆ ಕೇಳಿದಳೆಂದು ಗೊತ್ತಿದ್ದೂ ಹೇಳಿಬಿಟ್ಟೆ.

ಮೌನೇಶ್ವರಿ ಬಾಗಿಲಲ್ಲಿ ಕುಳಿತು ಇವತ್ತಿನ ತತ್ತಿಯನ್ನು ನೆಕ್ಕಿ ನೆಕ್ಕಿ ತಿನ್ನುತ್ತಿದ್ದಳು. ಹೋಗುವಾಗ ಮಲಕಮ್ಮ ಬಗ್ಗಿ, ಉಳಿದ ಅರ್ಧವನ್ನು ಅವಳ ಕೈಯಿಂದ ಕಸಿದುಕೊಂಡಳು.

ಮಗು ಅಳಲಿಲ್ಲ. ಬೆರಳು ಚೀಪುತ್ತಾ ತಾಯಿಯ ಹಿಂದೆ ನಡೆಯಿತು.