ಮೇಷ್ಟ್ರ ಇಪ್ಪತ್ತು ವರ್ಷದ ಮಾತು

ಚಿಕ್ಕಮ್ಮಾ,

ನಮಸ್ಕಾರವನ್ನು ಕಾಗದದಲ್ಲೇ ಒಪ್ಪಿಸಿಕೊಳ್ಳಿ. ಬಗ್ಗುವಷ್ಟು ತ್ರಾಣ ನನ್ನ ಸೊಂಟಕ್ಕಿಲ್ಲ. ಬಂದು ಎಂಟು ತಿಂಗಳಾದರೂ ಇಲ್ಲಿನ ಬೀದಿಗಳು ನನಗಿನ್ನೂ ಗೊತ್ತಿಲ್ಲ, ಈ ಖಗೋಳ ಕೇಂದ್ರದ ಕುರ್ಚಿಯೊಂದೇ ಗೊತ್ತು. ನಾನು ಯಾರ ಕೈಕೆಳಗೆ ದುಡಿಯುತ್ತೇನೋ ಆ ಮೇಷ್ಟ್ರು ಇಪ್ಪತ್ತು ವರ್ಷದಿಂದ ಒಂದೇ ಮಾತು ಹಿಡಿದಿದ್ದರು: ಸಿಡಿದು ಸತ್ತ ಒಂದು ನಕ್ಷತ್ರದ ಕಡೆಯಿಂದ ಬರುವ ಗಾಮಾ ಕಿರಣ, ಸುತ್ತ ಹರಡಿದ ಅದರ ಚಿಪ್ಪಿನದು, ನಡುವೆ ಉಳಿದು ಬುಗುರಿಯಂತೆ ತಿರುಗುವ ತಿರುಳಿನದಲ್ಲ, ಅಂದರೆ ಪಲ್ಸಾರಿನದಲ್ಲ. ಹೋದ ವಾರ ನಾನು ಎರಡು ವರ್ಷದ ದಾಖಲೆಯನ್ನೆಲ್ಲ ಪಲ್ಸಾರ್ ತಿರುಗುವ ವೇಗಕ್ಕೆ ಹೊಂದಿಸಿ ನೋಡಿದೆ. ಕಿರಣಗಳು ಸೆಕೆಂಡಿಗೆ ಹನ್ನೊಂದು ಸಲ ನಾಡಿಯ ಹಾಗೆ ಮಿಡಿಯುತ್ತಿದ್ದವು. ಚಿಪ್ಪು ಹಾಗೆ ಮಿಡಿಯುವುದಿಲ್ಲ. ನಾಲ್ಕು ಸಲ ತಾಳೆ ನೋಡಿದೆ, ಅದೇ ಬಂತು.

ನಿವೃತ್ತಿಗೆ ಒಂಬತ್ತು ದಿನ ಉಳಿದವರಿಗೆ ಇದನ್ನು ಹೇಗೆ ಹೇಳುವುದು? ಇವತ್ತು ಬೆಳಿಗ್ಗೆ ಲೆಕ್ಕದ ಹಾಳೆ ಮುಂದಿಟ್ಟೆ. ಕನ್ನಡಕ ಏರಿಸಿ, ಬೆರಳಿಟ್ಟು ಸಾಲು ಸಾಲಾಗಿ ನೋಡಿದರು.

"ಅಂತೂ ಇಷ್ಟು ವರ್ಷ ಹೊಳೇಲಿ ಹುಣಸೆಹಣ್ಣು ಕಿವುಚಿದೆ ಅನ್ನು!"

"ತಪ್ಪು ತಿಳ್ಕೋಬೇಡಿ ಸಾರ್."

"ತಪ್ಪು ತಿಳ್ಕೊಂಡಿದ್ದು ನಾನಮ್ಮ. ಬಾ," ಎಂದವರೇ ನನ್ನನ್ನು ಸೀದಾ ಸಭೆಗೆ ಕರೆದೊಯ್ದು, ಎಲ್ಲರೆದುರು ತಾವೇ ನಿಂತು ಹೇಳಿದರು. ಖುಷಿಪಡುವಷ್ಟೂ ಶಕ್ತಿ ನನಗಿರಲಿಲ್ಲ. ಹಿಂದಿನ ಸಾಲಲ್ಲಿ ಕೂತು ಅತ್ತುಬಿಟ್ಟೆ.

ನಿದ್ದೆಗೆಟ್ಟು ಹಿಡಿಸಿಕೊಂಡ ಜ್ವರ ಬಿಟ್ಟಿದೆ, ಕೆಮ್ಮು ಉಳಿದಿದೆ. ಅಮ್ಮನ ಕಿವಿಗೆ ಹಾಕಬೇಡಿ. ಕಾಗದದಲ್ಲಿ ಜಾಗ ಮುಗಿಯಿತು, ಊಟದ ಹೊತ್ತೂ ಆಯಿತು. ಮೇಷ್ಟ್ರು ತಮ್ಮ ಪಕ್ಕದ ಕುರ್ಚಿಯ ಮೇಲೆ ಟೋಪಿ ಇಟ್ಟು, ನನಗೆಂದು ಜಾಗ ಹಿಡಿದು ಕೂತಿದ್ದಾರೆ.

ನಿಮ್ಮ ಗುಬ್ಬಿ