ಬರೆದ ಹಾಳೆ ಹರಿದುಕೊಡುವುದಿಲ್ಲ

ಹೊರದೇಶಕ್ಕೆ ಹೋಗುವ ಅಂಚೆಯ ತಪಾಸಣೆ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಗಾಜಿನ ಕಿಟಕಿಯ ಆ ಕಡೆ ಕುಳಿತ ಮಾನ್ಯರೇ,

ನಾನು ಕಟ್ಟಿ ಕಳಿಸಿದ ಒಂಬತ್ತು ಚೀಲ ಹಳೆಯ ಪುಸ್ತಕಗಳನ್ನು ನೀವು ಐದು ವಾರದಿಂದ ನಿಮ್ಮ ಉಗ್ರಾಣದಲ್ಲಿ, ಮುರಿದ ಕುರ್ಚಿಗಳ ಪಕ್ಕದಲ್ಲಿ ಕೂಡಿಹಾಕಿದ್ದೀರಿ. ಈ ತಿಂಗಳ ಮೂವತ್ತರೊಳಗೆ ಅವುಗಳ ಮೊದಲ ಹಾಳೆ ಹರಿದುಕೊಡದಿದ್ದರೆ ಎಲ್ಲವನ್ನೂ ರದ್ದಿ ಕಾರ್ಖಾನೆಗೆ ಹಾಕಿ ಅರೆಸುತ್ತೇವೆ ಎಂದು ಕಾಗದ ಕಳಿಸಿದ್ದೀರಿ. ನಾನು ಹರಿದುಕೊಡುವುದಿಲ್ಲ. ಯಾಕೆ ಎಂದು ಎರಡು ಸಲ ಬರೆದೆ, ಉತ್ತರವಿಲ್ಲ. ಅದಕ್ಕೇ ಈ ಮೂರನೆಯದನ್ನು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಕಚೇರಿಯ ಹೊತ್ತಿನಲ್ಲಿ ಪತ್ರಿಕೆಯನ್ನಾದರೂ ಪೂರ್ತಿ ಓದುತ್ತೀರಿ ಎಂದು ಕೇಳಿದ್ದೇನೆ.

ಪುಸ್ತಕಗಳ ಮೇಲಿನ ಆರೋಪ ಓದುಗರಿಗೂ ತಿಳಿಯಲಿ. ‘ಕೈಬರಹದಿಂದ ವಿರೂಪಗೊಂಡ ಮುದ್ರಿತ ಸಾಮಗ್ರಿ.’ ಇದು ನಿಮ್ಮ ಮಾತು. ವಿರೂಪ ಎಂದರೇನೆಂದು ಸೊಸೆಯನ್ನು ಕೇಳಿದೆ. “ಮುಖ ಕೆಡಿಸೋದು ಅಂತ, ಅತ್ತೆ” ಎಂದಳು. ಮುದ್ರಿತ ಪುಸ್ತಕದ ಚೀಲದಲ್ಲಿ ಕೈಯಲ್ಲಿ ಬರೆದದ್ದು ಒಂದು ಸಾಲೂ ಇರಬಾರದು ಎಂಬುದು ನಿಯಮವಂತೆ. ಆ ನಿಯಮ ನನಗೆ ಗೊತ್ತಿರಲಿಲ್ಲ. ನಾನೂರ ಹನ್ನೆರಡು ಪುಸ್ತಕದಲ್ಲೂ ಒಂದೊಂದು ಸಾಲು ಬರೆಸಿದವಳು ನಾನೇ. ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಅಭ್ಯಾಸ ನನಗಿಲ್ಲ. ಅದಕ್ಕೆ ಕಚೇರಿ ಬೇಕು, ಮೊಹರು ಬೇಕು.

ಯಾಕೆ ಬರೆಸಿದೆ? ಕಡಲಾಚೆ ನನ್ನ ಅಕ್ಕನ ಮಗಳಿದ್ದಾಳೆ, ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ. ಅಲ್ಲಿನ ಕೆಲಸಗಾರರ ಸಾಲುಮನೆಗಳಲ್ಲಿ ನಮ್ಮ ಭಾಷೆಯ ಮಕ್ಕಳು ಅರವತ್ತರ ಮೇಲಿದ್ದಾರೆ. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ರಜೆಯ ದಿನ ಇವಳು ಅವರನ್ನು ಬಟ್ಟೆ ಒಣಗಿಸುವ ಜಾಗದಲ್ಲಿ ಕೂರಿಸಿಕೊಂಡು ಕಲಿಸುತ್ತಾಳೆ. ಪುಸ್ತಕ ಬೇಕೆಂದು ಯಾವುದೋ ದೊಡ್ಡ ಸಂಸ್ಥೆಗೆ ಬರೆದಳು. ಬಂದವು. ಇನ್ನೂರು ಪ್ರತಿ, ಹೊಚ್ಚ ಹೊಸವು, ಎಲ್ಲವೂ ಒಂದೇ ಪುಸ್ತಕ: ವಾಹನ ಚಾಲಕರ ಕೈಪಿಡಿ. ಏಳು ವರ್ಷದ ಮಕ್ಕಳಿಗೆ ಗೇರು ಬದಲಿಸುವ ವಿಧಾನ! ಫೋನಿನಲ್ಲಿ ಹೇಳಿದಳು: “ಚಿಕ್ಕಮ್ಮ, ಒಂದು ಹುಡುಗಿ ಕೇಳಿದ್ಳು, ‘ಇದನ್ನ ಯಾರು ಓದಿದ್ರು ಟೀಚರ್? ಅವರಿಗೆ ಇಷ್ಟ ಆಯ್ತಾ?’ ಅಂತ. ಯಾರೂ ಓದಿಲ್ಲಮ್ಮ ಅಂದೆ. ‘ಮತ್ತೆ ನಮಗ್ಯಾಕೆ ಕಳಿಸಿದ್ರು’ ಅಂದುಬಿಟ್ಳು.”

ಆ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇದೆಯೇ ಮಾನ್ಯರೇ? ನನ್ನಲ್ಲಿ ಇರಲಿಲ್ಲ. ಅದಕ್ಕೇ ಬೀದಿ ಬೀದಿ ತಿರುಗಿ, ಜನ ಓದಿ ಇಷ್ಟಪಟ್ಟ ಪುಸ್ತಕವನ್ನೇ ಕೇಳಿದೆ. ಕೊಡುವ ಮೊದಲು, ಓದುವ ಮಗುವಿಗೆ ಒಂದು ಸಾಲು ಬರೆಯಿರಿ ಎಂದೆ. ಬಸ್ ಡ್ರೈವರ್ ಬರೆದ: ‘ಹದಿನೇಳನೇ ಪುಟದಲ್ಲಿ ಹುಲಿ ಬರುತ್ತೆ, ಹೆದರಬೇಡ, ಹತ್ತೊಂಬತ್ತರಲ್ಲಿ ಹೊರಟುಹೋಗುತ್ತೆ.’ ಹೆರಿಗೆ ಆಸ್ಪತ್ರೆಯಲ್ಲಿದ್ದ ನರ್ಸಮ್ಮ ಬರೆದರು: ‘ನಾಲ್ಕು ಸಲ ಓದಿದ್ದೇನೆ. ಕೊನೆ ನನಗೆ ಒಪ್ಪಿಗೆಯಿಲ್ಲ. ನೀನು ಬೇರೆ ಯೋಚಿಸು.’

ಇಂಥ ಸಾಲುಗಳಲ್ಲಿ ‘ಆಕ್ಷೇಪಾರ್ಹ ಸಂದೇಶ’ ಅಡಗಿರಬಹುದು ಎಂಬುದು ನಿಮ್ಮ ಕಾಗದದ ಇನ್ನೊಂದು ಭಯ. ಹುಲಿ ಎಷ್ಟನೇ ಪುಟದಲ್ಲಿ ಹೋಗುತ್ತದೆ ಎಂಬುದು ಯಾವ ಸರ್ಕಾರದ ಗುಟ್ಟು? ನರ್ಸಮ್ಮನಿಗೆ ಕಥೆಯ ಕೊನೆ ಹಿಡಿಸದಿದ್ದರೆ ಯಾವ ಗಡಿ ಅಲುಗಾಡುತ್ತದೆ?

ಕಳೆದ ವಾರ ನಿಮ್ಮ ಕಚೇರಿಗೇ ಬಂದೆ. ಕಿಟಕಿಯ ಗುಮಾಸ್ತ ಒಳ್ಳೆಯವನು, ಒಂದು ಚೀಲವನ್ನು ಎಳೆದು ತಂದ.

“ಬರೆದಿರೋ ಹಾಳೆ ಹರಿದುಕೊಡಿ ಅಜ್ಜಿ. ನಾಳೇನೇ ಕಳಿಸ್ತೀವಿ.”

“ಹರಿಯೋದಾದ್ರೆ ನೀನೇ ಹರಿಯಪ್ಪ. ನಾನು ಕೂತು ನೋಡ್ತೀನಿ.”

“ಅದೇನು ಮಹಾ ಕೆಲಸ” ಎಂದು ನಗುತ್ತ ಒಂದು ಪುಸ್ತಕ ತೆಗೆದ, ಮೊದಲ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದ. ಅಲ್ಲಿ ನಮ್ಮ ಎದುರುಮನೆಯ ಚಿಕ್ಕವಳು ಬರೆದಿದ್ದಳು: ‘ಇದು ನನ್ನದು. ಕೊಡೋಕೆ ಇಷ್ಟ ಇರಲಿಲ್ಲ. ಆದ್ರೂ ಕೊಟ್ಟಿದ್ದೀನಿ. ಮೂಲೆ ಮಡಚಬೇಡ.’ ಅವನು ಓದಿದ. ನಗು ನಿಂತಿತು. ಚೀಲದಲ್ಲಿ ಮಡಚಿಹೋಗಿದ್ದ ಒಂದು ಮೂಲೆಯನ್ನು ಉಗುರಿನಿಂದ ತೀಡಿ ಸರಿಮಾಡಿ, ಪುಸ್ತಕವನ್ನು ವಾಪಸು ಇಟ್ಟ. “ಇದು ನನ್ನ ಕೈಲಾಗಲ್ಲ ಅಜ್ಜಿ, ಸಾಹೇಬ್ರನ್ನೇ ಕೇಳಿ” ಎಂದ. ಸಾಹೇಬರಾದ ನೀವು ಒಳಗೇ ಇದ್ದಿರಿ. ಎರಡು ಸಲ ಕಾಫಿ ಒಳಗೆ ಹೋಯಿತು, ನಾನು ಹೋಗಲಿಲ್ಲ.

ಮನೆಯಲ್ಲೂ ನನಗೆ ಬೆಂಬಲವಿಲ್ಲ. “ನಿಮ್ಮ ಹಟಕ್ಕೆ ಆ ಮಕ್ಕಳಿಗೆ ಪುಸ್ತಕವೇ ಇಲ್ಲದ ಹಾಗಾಗುತ್ತೆ ಅತ್ತೆ. ಒಂದು ಹಾಳೆ ತಾನೇ?” ಎಂದಳು ಸೊಸೆ. ಆ ಮಾತು ಚುಚ್ಚಿತು. ಎರಡು ದಿನ ಅದನ್ನೇ ಯೋಚಿಸಿದೆ. ಆಮೇಲೆ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಾನು ಹಳ್ಳಿಯಲ್ಲಿ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅಕ್ಕ ಓದಿ ಮುಗಿಸಿದ ಪುಸ್ತಕವೇ ನನಗೆ ಮೇಷ್ಟ್ರು. ಒತ್ತಕ್ಷರ ಬಂದ ಕಡೆಯೆಲ್ಲ ಅವಳು ಪೆನ್ಸಿಲಿನಲ್ಲಿ ಬಿಡಿಸಿ ಬರೆದಿದ್ದಳು. ಒಂದು ಪುಟದ ಅಂಚಿನಲ್ಲಿ, ‘ಇಲ್ಲಿ ಕಷ್ಟ, ಹಾರಿಸಿ ಮುಂದೆ ಓದು, ನಾನೂ ಹಾಗೇ ಮಾಡಿದೆ’ ಎಂದಿತ್ತು. ಆ ಸಾಲು ಇಲ್ಲದಿದ್ದರೆ ನಾನು ಪುಸ್ತಕವನ್ನು ಅಲ್ಲೇ ಮುಚ್ಚಿಡುತ್ತಿದ್ದೆ, ನಿಮಗೂ ಈ ಪತ್ರದ ಕಾಟ ಇರುತ್ತಿರಲಿಲ್ಲ. ಯಾರೂ ಓದದ ಪುಸ್ತಕ ಆ ಮಕ್ಕಳ ಬಳಿ ಆಗಲೇ ಇನ್ನೂರಿವೆ. ಯಾರು ಓದಿದರೆಂದು ಹೇಳದ ಇನ್ನೂ ನಾನೂರ ಹನ್ನೆರಡು ಕಳಿಸಿ ನಾನು ಯಾವ ಪುಣ್ಯ ಕಟ್ಟಿಕೊಳ್ಳಲಿ?

ನನ್ನ ಬೇಡಿಕೆ ಇಷ್ಟೇ. ಚೀಲ ಬಿಚ್ಚಿ. ಒಂದೊಂದು ಸಾಲನ್ನೂ ನೀವೇ ಓದಿ, ಗುಮಾಸ್ತನ ಕೈಗೆ ದಾಟಿಸಬೇಡಿ. ಯಾವುದಾದರೂ ಸಾಲು ದೇಶಕ್ಕೆ ಕೇಡು ಎಂದು ಕಂಡರೆ ಕಾರಣ ಬರೆದು ಕೊಡಿ, ಬರೆದವರನ್ನೇ ಕರೆತಂದು ನಿಮ್ಮೆದುರು ನಿಲ್ಲಿಸುತ್ತೇನೆ. ಕಾಣದಿದ್ದರೆ ಚೀಲದ ಬಾಯಿ ಹೊಲಿದು ಹಡಗಿಗೆ ಹಾಕಿ. ಸೋಮವಾರದಿಂದ ನಾನು ಆ ಕಿಟಕಿಯ ಮುಂದಿರುತ್ತೇನೆ. ಮಂಡಿನೋವಿದೆ, ಸ್ಟೂಲು ನಾನೇ ತರುತ್ತೇನೆ, ನಿಮಗೆ ತೊಂದರೆ ಬೇಡ.

ನೀವು ಸಹಿಗೆಂದು ಕಳಿಸಿದ ನಮೂನೆಯನ್ನು ಇವತ್ತೇ ಅಂಚೆಗೆ ಹಾಕಿದ್ದೇನೆ. ಅದರಲ್ಲಿ ಎರಡೇ ಚೌಕ ಇದ್ದವು: ‘ಹಾಳೆ ತೆಗೆಯಲು ಒಪ್ಪಿದ್ದೇನೆ’, ‘ನಾಶಪಡಿಸಲು ಒಪ್ಪಿದ್ದೇನೆ’. ಕೆಳಗೆ ನಾನೇ ಗೆರೆ ಎಳೆದು ಮೂರನೆಯ ಚೌಕ ಮಾಡಿ, ‘ಇದ್ದ ಹಾಗೇ ಕಳಿಸಿ’ ಎಂದು ಬರೆದು, ಅದಕ್ಕೇ ಗುರುತು ಹಾಕಿದ್ದೇನೆ. ಅಚ್ಚಾದ ನಮೂನೆಯಲ್ಲಿ ಹಾಗೆ ಬರೆಯಬಾರದೆಂದು ನನಗೆ ಗೊತ್ತು. ಪುಸ್ತಕಗಳಲ್ಲಿ ಗೊತ್ತಿಲ್ಲದೆ ಬರೆಸಿದ್ದೆ. ಇದನ್ನು ಗೊತ್ತಿದ್ದೇ ಬರೆದಿದ್ದೇನೆ.

ಇಂತಿ,
‘ತಮ್ಮ ವಿಧೇಯಳು’ ಎಂದು ಬರೆಯಹೋಗಿ ಕೈ ಬಾರದೆ ನಿಲ್ಲಿಸಿದ,
ಮೂರನೇ ಕ್ಲಾಸಿನ ಒಬ್ಬ ಅಜ್ಜಿ
(ಕಾಗುಣಿತ ತಿದ್ದಿದವಳು ಸೊಸೆ. ಸಿಟ್ಟು ತಿದ್ದಲು ಬಿಟ್ಟಿಲ್ಲ.)